ಮುಗೀತಲ್ವಾ ಟೀಚರ್?

ನಮ್ಮ ಚರ್ಚಿನಲ್ಲಿ ದೃಢೀಕರಣ, ಅಂದರೆ ಪಾಠ ಮುಗಿಸಿದ ಹದಿಹರೆಯದವರು ತಮ್ಮ ವಿಶ್ವಾಸವನ್ನು ತಾವೇ ಒಪ್ಪಿಕೊಳ್ಳುವ ವಿಧಿ, ಆಗಿ ಒಂದೂವರೆ ತಿಂಗಳಾಗಿತ್ತು. ಆ ಬ್ಯಾಚಿನ ಹುಡುಗನೊಬ್ಬ ದಾರಿಯಲ್ಲಿ ಸಿಕ್ಕಿದ. ವರ್ಷಪೂರ್ತಿ ಒಂದು ಕ್ಲಾಸೂ ತಪ್ಪಿಸದೆ ಬಂದವನು. ಹತ್ತು ಆಜ್ಞೆ, ವಿಶ್ವಾಸ ಪ್ರಮಾಣ, ಕರ್ತನ ಪ್ರಾರ್ಥನೆಯ ಒಂದೊಂದು ಸಾಲಿನ ಅರ್ಥ, ಏನು ಕೇಳಿದರೂ ತಡವರಿಸುತ್ತಿರಲಿಲ್ಲ. "ಯಾಕಪ್ಪ, ಈಚೆಗೆ ಕಾಣೋದೇ ಇಲ್ಲ?" ಅಂದೆ.

ಅವನಿಗೆ ನನ್ನ ಪ್ರಶ್ನೆಯೇ ವಿಚಿತ್ರ ಅನಿಸಿತು. "ಮುಗೀತಲ್ವಾ ಟೀಚರ್?" ಅಂದ.

ಅದರಲ್ಲಿ ಉಡಾಫೆ ಇರಲಿಲ್ಲ, ನೆಪ ಹುಡುಕುವ ತಡಕಾಟವೂ ಇರಲಿಲ್ಲ. ಶಾಲೆ ಮುಗಿಸಿದವನನ್ನು ಹಿಡಿದು "ಯಾಕೋ ಶಾಲೆಗೆ ಬರ್ತಿಲ್ಲ?" ಅಂತ ಕೇಳಿದರೆ ಹೇಗೆ ನೋಡುತ್ತಾನೋ ಹಾಗೆ ನೋಡಿದ. ನಾನು ನಕ್ಕು, "ಭಾನುವಾರ ಬಾ" ಅಂತ ಏನೋ ಹೇಳಿ ಮುಂದೆ ನಡೆದೆ.

ನನ್ನ ಕೆಲಸ ಒಂದು ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಕ್ರೈಸ್ತ ಶಿಕ್ಷಣ ನೋಡಿಕೊಳ್ಳುವುದು. ಮೂರು ವರ್ಷದ ಮಕ್ಕಳ ಸಂಡೇ ಸ್ಕೂಲಿನಿಂದ ಹಿಡಿದು ದೃಢೀಕರಣದ ತರಗತಿ, ಯೌವನಸ್ಥರ ಕೂಟ, ರಜೆಯ ಬೈಬಲ್ ಶಾಲೆ (ವಿಬಿಎಸ್) ಎಲ್ಲವೂ ನನ್ನ ಪಾಲಿಗೆ. ಆಗ ನನಗೆ ಈ ಕೆಲಸದಲ್ಲಿ ಆರನೇ ವರ್ಷ. ನನ್ನ ಹಾಜರಿ ಪುಸ್ತಕಗಳ ಬಗ್ಗೆ ನನಗೆ ಸ್ವಲ್ಪ ಜಾಸ್ತಿಯೇ ಹೆಮ್ಮೆ ಇತ್ತು ಅಂತ ಈಗ ಒಪ್ಪಿಕೊಳ್ಳುತ್ತೇನೆ.

ಆ ಬ್ಯಾಚಿನಲ್ಲಿ ಇದ್ದವರು 11 ಮಂದಿ. ಅವರಲ್ಲಿ ಯಾರು ಈಗಲೂ ಆರಾಧನೆಗೆ ಬರುತ್ತಾರೆ ಅಂತ ಮುಂದಿನ ಕೆಲವು ವಾರ ಗಮನಿಸಿದೆ. 3 ಜನ. ಒಬ್ಬ ಮೈಕು, ಸೌಂಡು ನೋಡಿಕೊಳ್ಳುವವರ ಪಕ್ಕ ಕೂತು ವೈರು ಸುತ್ತುತ್ತಿದ್ದ. ಒಬ್ಬಳು ಗಾಯನ ಮಂಡಳಿಯಲ್ಲಿದ್ದಳು. ಇನ್ನೊಬ್ಬಳು ಚಿಕ್ಕವಳಿದ್ದಾಗಿನಿಂದ ಅಜ್ಜಿಯ ಪಕ್ಕ ಕೂತು ಅಭ್ಯಾಸ ಆದವಳು. ಸಂಡೇ ಸ್ಕೂಲ್ ನಡೆಯುವ ಹಿಂದಿನ ಕೋಣೆಗೆ ಕಳಿಸಿದರೆ ಅಳುತ್ತಿದ್ದಳು ಅಂತ ಅಜ್ಜಿ ಅವಳನ್ನು ತಮ್ಮ ಹತ್ತಿರವೇ ಇಟ್ಟುಕೊಂಡಿದ್ದರು. ಆ ಕಾಲದಲ್ಲಿ ನಾನು ಅದನ್ನು ಅಶಿಸ್ತು ಅಂತ ಬರೆದಿಟ್ಟಿದ್ದೆ.

ಮೂರರಲ್ಲಿ ಒಂದೂ ನನ್ನ ಪಾಠದಿಂದ ಆದದ್ದಲ್ಲ. ಇದು ನುಂಗಲು ಕಷ್ಟವಾಯಿತು.

ಸಂಡೇ ಸ್ಕೂಲ್ ಅನ್ನುವ ಹೆಸರಿನಲ್ಲೇ ಈ "ಮುಗೀತಲ್ವಾ" ಅನ್ನುವುದರ ಮೂಲ ಇದೆ. 1780ರಲ್ಲಿ ಇಂಗ್ಲೆಂಡಿನ ಗ್ಲೌಸ್ಟರ್‌ನಲ್ಲಿ ರಾಬರ್ಟ್ ರೇಕ್ಸ್ ಎಂಬ ಪತ್ರಿಕಾ ಮಾಲೀಕರು ಇದನ್ನು ಶುರು ಮಾಡಿದರು. ಅವರಿಗಿಂತ ಮೊದಲೂ ಅಲ್ಲಲ್ಲಿ ಕೆಲವರು ಮಾಡಿದ್ದುಂಟು, ಆದರೆ ರೇಕ್ಸ್ ಕೈಯಲ್ಲಿ ಪತ್ರಿಕೆ ಇತ್ತು, ಸುದ್ದಿ ಹಬ್ಬಿತು. ಅಲ್ಲಿ ಕಾರ್ಖಾನೆಗಳಲ್ಲಿ ದುಡಿಯುವ ಬಡ ಮಕ್ಕಳಿಗೆ ಬಿಡುವು ಸಿಗುತ್ತಿದ್ದದ್ದು ಭಾನುವಾರ ಮಾತ್ರ. ಅವತ್ತು ಅವರಿಗೆ ಓದಲು ಕಲಿಸಬೇಕಿತ್ತು. ಓದುವ ಪುಸ್ತಕ ಬೈಬಲ್. ಅಂದರೆ ಅದು ನಿಜವಾದ ಶಾಲೆಯೇ. ಅಕ್ಷರ ಕಲಿತ ಮಗು ಅಲ್ಲಿಂದ ಹೊರಟುಹೋದರೆ ಅದು ಗೆಲುವು. ಆಮೇಲೆ ಅಲ್ಲಿ 1870ರ ಶಿಕ್ಷಣ ಕಾನೂನು ಬಂತು, ವಾರದ ದಿನಗಳ ಶಾಲೆಗಳು ಹೆಚ್ಚಾದವು, ಅಕ್ಷರ ಕಲಿಸುವ ಕೆಲಸ ಅವುಗಳ ಪಾಲಾಯಿತು. ಭಾನುವಾರಕ್ಕೆ ಬೈಬಲ್ ಉಳಿಯಿತು. ಆದರೆ ತರಗತಿ, ಹಾಜರಿ, ಪರೀಕ್ಷೆ, ಬಹುಮಾನ ಯಾವುದನ್ನೂ ಯಾರೂ ಬಿಡಲಿಲ್ಲ. ನಾವೂ ಬಿಟ್ಟಿಲ್ಲ. ಕೊನೆಗೆ ಪ್ರಮಾಣಪತ್ರ ಕೊಟ್ಟು, ಫೋಟೋ ತೆಗೆಸಿ ಕಳಿಸುತ್ತೇವೆ. ಆಮೇಲೆ ಮಕ್ಕಳು ಬರುವುದಿಲ್ಲ ಅಂತ ಸಮಿತಿಯಲ್ಲಿ ಕೂತು ಬೇಜಾರು ಮಾಡಿಕೊಳ್ಳುತ್ತೇವೆ.

ಇನ್ನೊಂದು ಲೆಕ್ಕ ಹಾಕಿದೆ. ನಮ್ಮಲ್ಲಿ ಮೊದಲ ಹಾಡು ಮುಗಿದ ಕೂಡಲೇ ಮಕ್ಕಳು ಸಾಲಾಗಿ ಎದ್ದು ಹಿಂದಿನ ಕೋಣೆಗೆ ಹೋಗುತ್ತಾರೆ. ಮೂರು ವರ್ಷಕ್ಕೆ ಹಾಗೆ ಎದ್ದ ಮಗು ಹದಿನಾಲ್ಕು ತುಂಬುವವರೆಗೂ ಹಾಗೇ ಏಳುತ್ತಿರುತ್ತದೆ. ಹನ್ನೊಂದು ವರ್ಷ! ಅಷ್ಟು ವರ್ಷ ಅದು ಒಂದು ಪ್ರಸಂಗ, ಅಂದರೆ ಆರಾಧನೆಯ ಬೋಧನೆ, ಪೂರ್ತಿ ಕೇಳಿಲ್ಲ. ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನ ಹೇಗೆ ನಡೆಯುತ್ತದೆ ಅಂತ ಸರಿಯಾಗಿ ನೋಡಿಲ್ಲ. ಸಭೆಯಲ್ಲಿ ತನ್ನ ಮನೆಯವರನ್ನು ಬಿಟ್ಟರೆ ಹೆಸರು ಗೊತ್ತಿರುವ ದೊಡ್ಡವರು ಅಂದರೆ ನಾನು ಮತ್ತೆ ಇಬ್ಬರು ಟೀಚರುಗಳು. ಆಮೇಲೆ ಒಂದು ದಿನ ಅದನ್ನು ಆ ದೊಡ್ಡ ಹಾಲಿನಲ್ಲಿ ನಿಲ್ಲಿಸಿ "ಇದು ನಿನ್ನ ಸಭೆ" ಅನ್ನುತ್ತೇವೆ. ಯಾವ ಮುಖ ಇಟ್ಟುಕೊಂಡು?

ಅಂದಹಾಗೆ ಟೀಚರುಗಳದ್ದೂ ಇದೇ ಕಥೆ. ಅವರೂ ವರ್ಷಗಟ್ಟಲೆ ಪ್ರಸಂಗ ಕೇಳಿರುವುದಿಲ್ಲ. ಒಬ್ಬರು ಬಿಟ್ಟುಹೋದಾಗ "ಆಸಕ್ತಿ ಕಡಿಮೆಯಾಯ್ತು" ಅಂತ ನಾವು ಮಾತಾಡಿಕೊಂಡೆವು. ಅವರಿಗೆ ದಣಿವಾಗಿತ್ತು, ಅಷ್ಟೇ. ಈಗ ಪ್ರತಿ ಟೀಚರಿಗೂ ತಿಂಗಳಲ್ಲಿ ಎರಡು ವಾರ ಬಿಡುವು. ಇದಕ್ಕಾಗಿ ಇಬ್ಬರನ್ನು ಹೆಚ್ಚಿಗೆ ಹುಡುಕಲು ನಾನು ಪಟ್ಟ ಪಾಡು ಬೇರೆ ಬರಹಕ್ಕೆ ಇರಲಿ.

ಸರಿ, ಬದಲಾಯಿಸೋಣ ಅಂತ ಹೊರಟೆ. ಮೊದಲ ಪ್ರಯತ್ನ ಪೂರ್ತಿ ನೆಲಕಚ್ಚಿತು. ಎಲ್ಲ ಮಕ್ಕಳೂ ಇನ್ನು ಮುಂದೆ ಆರಾಧನೆ ಮುಗಿಯುವವರೆಗೂ ಹಾಲಿನಲ್ಲೇ ಕೂರಬೇಕು ಅಂತ ಒಂದೇ ವಾರದಲ್ಲಿ ಜಾರಿ ಮಾಡಿಬಿಟ್ಟೆ. ನಾಲ್ಕು ವರ್ಷದವರು ಬೆಂಚಿನ ಕೆಳಗೆ ತೂರಿದರು. ಒಬ್ಬ ಪ್ರಾರ್ಥನೆಯ ಮಧ್ಯೆ "ಇನ್ನೂ ಎಷ್ಟು ಹೊತ್ತು?" ಅಂತ ಗಟ್ಟಿಯಾಗಿ ಕೇಳಿದ. ದೊಡ್ಡವರಲ್ಲಿ ಕೆಲವರಿಗೆ ಅದು ತಮ್ಮದೇ ಪ್ರಶ್ನೆ ಅನಿಸಿರಬೇಕು, ಕಿಸಕ್ಕನೆ ನಕ್ಕರು. ಮೂರನೇ ವಾರಕ್ಕೆ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು "ನೋಡಮ್ಮ, ನಾವು ಬರೋದು ವಾರಕ್ಕೊಂದು ಸಲ, ಅದೂ ನೆಮ್ಮದಿಗೆ" ಅಂದರು. ಅವರ ಮೇಲೆ ನನಗೆ ಸಿಟ್ಟು ಬಂತು. ಆದರೆ ಅವರು ಹೇಳಿದ್ದು ತಪ್ಪೇನಲ್ಲ. ಮಕ್ಕಳನ್ನು ಸುಮ್ನೆ ತಂದು ಕೂರಿಸಿದರೆ ಅವರು ಸಭೆಯ ಭಾಗ ಆಗುವುದಿಲ್ಲ, ಸಭೆಯ ಗಲಾಟೆ ಆಗುತ್ತಾರೆ.

ಆಮೇಲೆ ಆ ಮೂವರನ್ನು ನೆನೆಸಿಕೊಂಡೆ. ವೈರು, ಹಾಡು, ಅಜ್ಜಿ. ಇಬ್ಬರಿಗೆ ಕೆಲಸ ಇತ್ತು, ಒಬ್ಬಳಿಗೆ ಪಕ್ಕದಲ್ಲಿ ಒಂದು ಜೀವ ಇತ್ತು. ಹಾಗಾಗಿ ತಿಂಗಳಿಗೆ ಒಂದೇ ಭಾನುವಾರ ಎಲ್ಲರೂ ಒಟ್ಟಿಗೆ ಅಂತ ಮಾಡಿದೆವು. ಅವತ್ತು ವೇದಪಾಠ, ಅಂದರೆ ಬೈಬಲಿನ ಭಾಗ, ಓದುವುದು ಮಕ್ಕಳು. ಕಾಣಿಕೆ ಚೀಲ ಹಿಡಿಯುವುದು, ಬಾಗಿಲಲ್ಲಿ ನಿಂತು ಹಾಡಿನ ಪುಸ್ತಕ ಕೊಡುವುದು, ಪ್ರಾರ್ಥನೆಯಲ್ಲಿ ಒಂದು ಭಾಗ ಹೇಳುವುದು, ಎಲ್ಲವೂ ಸರದಿ ಪ್ರಕಾರ. ಸಭಾಪಾಲಕರು, ಅಂದರೆ ನಮ್ಮ ಪಾದ್ರಿ, ಅವತ್ತಿನ ಪ್ರಸಂಗವನ್ನು ಮೊಟಕು ಮಾಡಲು ಒಪ್ಪಿದರು. ಓದುವಾಗ ಮಕ್ಕಳು ಹೆಸರುಗಳಲ್ಲಿ ಎಡವುತ್ತಾರೆ. ನೆಬೂಕದ್ನೆಚ್ಚರ ಎಂಬ ರಾಜನ ಹೆಸರು ಬಂದ ವಾರ ಹುಡುಗಿ ಎರಡು ಸಲ ಪ್ರಯತ್ನಿಸಿ "ಆ ರಾಜ" ಅಂತ ಹೇಳಿ ಮುಂದೆ ಹೋದಳು. ಯಾರಿಗೂ ಏನೂ ನಷ್ಟ ಆಗಲಿಲ್ಲ. ಮೊದಲು ಆಕ್ಷೇಪಿಸಿದ ಆ ಹಿರಿಯರೇ ಈಗ ಓದುವ ಮಗುವನ್ನು ಮುಂಚಿನ ದಿನ ಕೂರಿಸಿಕೊಂಡು ಅಭ್ಯಾಸ ಮಾಡಿಸುತ್ತಾರೆ.

ಅದಾದ ಮೇಲೆ, ದೃಢೀಕರಣಕ್ಕೆ ಸೇರುವ ಪ್ರತಿಯೊಬ್ಬರಿಗೂ ಮನೆಯವರಲ್ಲದ ಒಬ್ಬ ಹಿರಿಯರನ್ನು ಜೊತೆ ಮಾಡಬೇಕು ಅನ್ನುವ ಯೋಚನೆ ಬಂತು. ಇಲ್ಲಿ ನಾನು ಸ್ವಲ್ಪ ನಿಲ್ಲಬೇಕು. ಒಳ್ಳೆಯ ಉದ್ದೇಶದಲ್ಲೇ ದೊಡ್ಡ ತಪ್ಪು ಆಗುವ ಜಾಗ ಇದು.

ಕೆಲವು ವರ್ಷದ ಹಿಂದೆ ಒಂದು ಭಾನುವಾರ ಇಬ್ಬರು ಟೀಚರುಗಳಲ್ಲಿ ಒಬ್ಬರು ಬಂದಿರಲಿಲ್ಲ. ಪರವಾಗಿಲ್ಲ ಅಂತ ಒಬ್ಬರನ್ನೇ ಬಿಟ್ಟೆ. ಗಲಾಟೆ ಹೊರಗೆ ಕೇಳುತ್ತದೆ ಅಂತ ಬಾಗಿಲನ್ನೂ ಹಾಕಿಸಿದೆ. ಒಬ್ಬ ತಾಯಿ ಮಗುವನ್ನು ಕರೆದುಕೊಂಡು ಹೋಗಲು ಬಂದವರು ಬಾಗಿಲು ತೆಗೆದರು. ಒಳಗೆ ಏನೂ ಆಗಿರಲಿಲ್ಲ. ಎಲ್ಲರೂ ಹೋಗಿ ಕೊನೆಗೆ ಉಳಿದಿದ್ದ ಒಂದೇ ಮಗುವಿನ ಜೊತೆ ಟೀಚರು ಚಿತ್ರ ಅಂಟಿಸುತ್ತಿದ್ದರು. ಆದರೂ ಆ ತಾಯಿ ನನ್ನ ಕಡೆ ತಿರುಗಿ ನೋಡಿದ ನೋಟ ನನಗಿನ್ನೂ ನೆನಪಿದೆ. ಅವರು ಒಂದು ಮಾತೂ ಆಡಲಿಲ್ಲ. ಆಡಬೇಕಾಗಿಯೂ ಇರಲಿಲ್ಲ.

ಆವತ್ತಿನಿಂದ ನಿಯಮ ಗಟ್ಟಿ. ಯಾವ ಕೋಣೆಯಲ್ಲೂ ಒಬ್ಬರಿಗೊಬ್ಬರು ಸಂಬಂಧಿಕರಲ್ಲದ ಇಬ್ಬರು ದೊಡ್ಡವರು ಇರಲೇಬೇಕು. ಇಲ್ಲದಿದ್ದರೆ ಎರಡು ತರಗತಿ ಸೇರಿಸಿ, ಪಾಠ ಹಾಳಾದರೂ ಚಿಂತೆ ಇಲ್ಲ. ಬಾಗಿಲು ತೆರೆದಿರಬೇಕು. ಚಿಕ್ಕ ಮಗುವನ್ನು ಕರೆತಂದವರ ಕೈಗೇ ವಾಪಸ್ ಒಪ್ಪಿಸಬೇಕು. ಹೊಸದಾಗಿ ಸಭೆಗೆ ಬಂದವರು ಎಷ್ಟೇ ಉತ್ಸಾಹ ತೋರಿಸಿದರೂ ಆರು ತಿಂಗಳು ಮಕ್ಕಳ ಕೆಲಸಕ್ಕೆ ಇಲ್ಲ. ಫೋನಿನಲ್ಲಿ ಮಕ್ಕಳಿಗೆ ಒಬ್ಬರೇ ಸಂದೇಶ ಕಳಿಸುವಂತಿಲ್ಲ, ಹೆತ್ತವರೂ ಇರುವ ಗುಂಪಿನಲ್ಲೇ ಕಳಿಸಬೇಕು. "ನಮ್ಮವರನ್ನೇ ಅನುಮಾನಿಸ್ತೀರಾ?" ಅಂತ ಬೇಸರ ಮಾಡಿಕೊಂಡವರಿದ್ದಾರೆ. ಮಾಡಿಕೊಳ್ಳಲಿ. ಹಿರಿಯರ ಜೊತೆಗಾರಿಕೆಯೂ ಇದೇ ಚೌಕಟ್ಟಿನಲ್ಲಿ. ಮಾತುಕತೆ ಆರಾಧನೆ ಮುಗಿದ ಮೇಲೆ ಎಲ್ಲರ ಕಣ್ಣೆದುರು, ಆ ಹಾಲಿನಲ್ಲೇ. ಒಬ್ಬಳು ತನ್ನ ಜೊತೆಯ ಹಿರಿಯರಿಗೆ ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಟ್ಟಳು. ಅವರ ಮಧ್ಯೆ ಇದುವರೆಗೆ ನಡೆದ ದೊಡ್ಡ ಧರ್ಮಚರ್ಚೆ ಅದೇ ಇರಬಹುದು. ನನಗೆ ಅಷ್ಟು ಸಾಕು.

ಪಾಠದ ಕಡೆಗೂ ಕೈ ಹಾಕಬೇಕಾಯಿತು. ಹದಿನೈದರ ಹುಡುಗರಿಗೆ ಏನು ಹೇಳಿದರೂ "ಗೊತ್ತು" ಅನ್ನುತ್ತಾರೆ. ನಿಜವಾಗಿ ಗೊತ್ತು, ಆದರೆ ಗೊತ್ತಿರುವುದು ಐದು ವರ್ಷದವರ ಕಥೆ. ಬೈಬಲಿನಲ್ಲಿ ಪ್ರವಾದಿ ಯೋನನ ಪುಸ್ತಕವನ್ನೇ ತೆಗೆದುಕೊಳ್ಳಿ. ಇರುವುದು ನಾಲ್ಕೇ ಅಧ್ಯಾಯ. ನಮ್ಮ ಸಂಡೇ ಸ್ಕೂಲಿನ ಯೋನ ಮೀನಿನ ಹೊಟ್ಟೆಯಿಂದ ಹೊರಬಂದ ಕೂಡಲೇ ಕಥೆ ಮುಗಿಯುತ್ತಿತ್ತು. ಅದು ಎರಡನೇ ಅಧ್ಯಾಯ. ನಾಲ್ಕನೆಯದರಲ್ಲಿ ಯೋನ ಸಿಟ್ಟಾಗಿ ಕೂತಿದ್ದಾನೆ. ನಿನೆವೆ ಪಟ್ಟಣದ ಜನ ಕೆಟ್ಟ ದಾರಿ ಬಿಟ್ಟು ತಿರುಗಿಕೊಂಡರು, ದೇವರು ಅವರನ್ನು ಕ್ಷಮಿಸಿದ, ಇವನಿಗೆ ಅದು ಸಹಿಸದು. ಪುಸ್ತಕ ಮುಗಿಯುವುದೇ ದೇವರ ಒಂದು ಪ್ರಶ್ನೆಯಿಂದ. ಯೋನ ಏನು ಉತ್ತರ ಕೊಟ್ಟ ಅಂತ ಬರೆದಿಲ್ಲ. ಈ ಅಧ್ಯಾಯವನ್ನು ಯೌವನಸ್ಥರ ಕೂಟದಲ್ಲಿ ಓದಿಸಿ, "ನಿಮಗೆ ಯಾರನ್ನು ಕ್ಷಮಿಸಿದರೆ ಹೀಗೆ ಸಿಟ್ಟು ಬರುತ್ತೆ?" ಅಂತ ಕೇಳಿದೆ. ಆ ಸಂಜೆ ಮುಗಿಸಲು ನಾನೇ ದೀಪ ಆರಿಸಬೇಕಾಯಿತು.

ಚಿಕ್ಕವರ ಪ್ರಶ್ನೆಗಳು ಇನ್ನೂ ನೇರ. ಜಲಪ್ರಳಯದ ಕಥೆಯ ನೋಹನ ನಾವೆಗೆ ಬಣ್ಣ ಹಚ್ಚುತ್ತಿದ್ದ ಏಳು ವರ್ಷದ ಹುಡುಗ "ಹೊರಗೆ ಇದ್ದ ಪುಟ್ಟ ಮಕ್ಕಳು ಏನಾದರು?" ಅಂದ. ಟೀಚರು ಗಾಬರಿಯಾಗಿ "ನೀನು ಆನೆಗೆ ಬಣ್ಣ ಹಚ್ಚು" ಅಂದರು. ನಾನು ಬಾಗಿಲಲ್ಲಿದ್ದೆ. ನಾನೂ ಅದನ್ನೇ ಹೇಳುತ್ತಿದ್ದೆನೇನೋ. ಆಮೇಲೆ ಟೀಚರುಗಳ ಕೂಟದಲ್ಲಿ ಒಂದು ಮಾತು ಒಪ್ಪಿಕೊಂಡೆವು. ಅಂಥ ಪ್ರಶ್ನೆಗೆ "ಅದು ನನಗೂ ಕಷ್ಟದ ಪ್ರಶ್ನೆ ಕಣೋ" ಅನ್ನಬಹುದು. ಬೇಕಿದ್ದರೆ ಸಭಾಪಾಲಕರನ್ನು ಕರೆದು ಒಟ್ಟಿಗೆ ಕೇಳಬಹುದು. ಸುಳ್ಳು ಸಮಾಧಾನ ಮಾತ್ರ ಬೇಡ. ಲೂಕನ ಸುವಾರ್ತೆಯಲ್ಲಿ ಹನ್ನೆರಡು ವರ್ಷದ ಯೇಸು ದೇವಾಲಯದಲ್ಲಿ ಬೋಧಕರ ನಡುವೆ ಕೂತು ಅವರ ಮಾತು ಕೇಳುತ್ತಾ ಪ್ರಶ್ನೆ ಕೇಳುತ್ತಾ ಇದ್ದ ಅಂತ ಇದೆ. ನಮ್ಮ ಕೋಣೆಯಲ್ಲಿದ್ದಿದ್ದರೆ ಅವನಿಗೂ ಬಣ್ಣದ ಪೆನ್ಸಿಲ್ ಕೊಟ್ಟು ಕೂರಿಸುತ್ತಿದ್ದೆವು.

ಪೂರ್ಣ ಹಾಜರಿಯ ಬಹುಮಾನ ನಿಲ್ಲಿಸಿದೆವು. ಒಂದು ಹುಡುಗಿ ಬಹುಮಾನದ ದಿನ ಅಳುತ್ತಾ ಕೂತಿದ್ದಳು. ಅಪ್ಪ ಅಮ್ಮ ಬೇರೆಯಾಗಿದ್ದರು, ವಾರ ಬಿಟ್ಟು ವಾರ ಅವಳು ಅಪ್ಪನ ಹತ್ತಿರ ಇರುತ್ತಿದ್ದಳು. ಅವಳಿಗೆ ಆ ಬಹುಮಾನ ಯಾವ ವರ್ಷವೂ ಸಿಗುವಂತಿರಲಿಲ್ಲ. ಇದು ನಮಗೆ ಮೊದಲೇ ಹೊಳೆಯಬೇಕಿತ್ತು.

ಮನೆಯವರ ವಿಷಯದಲ್ಲಿ ಮಾತ್ರ ನನಗೆ ಹೇಳಿಕೊಳ್ಳುವಂಥ ಗೆಲುವಿಲ್ಲ. 1529ರಲ್ಲಿ ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರ್ ಚಿಕ್ಕ ಕ್ಯಾಟೆಕಿಸಂ, ಅಂದರೆ ಪ್ರಶ್ನೋತ್ತರದ ಧರ್ಮಪಾಠ, ಬರೆದಾಗ, ಮುಖ್ಯ ಭಾಗಗಳ ತಲೆಯಲ್ಲಿ ಇದನ್ನು ಮನೆಯ ಯಜಮಾನ ತನ್ನ ಮನೆಯವರಿಗೆ ಸರಳವಾಗಿ ಕಲಿಸಬೇಕು ಅನ್ನುವ ಅರ್ಥದ ಸಾಲು ಹಾಕಿದ್ದರು. ಅದು ಮನೆಗೆ ಬರೆದ ಪುಸ್ತಕ. ನಾವು ಅದನ್ನು ತರಗತಿಗೆ ತಂದೆವು, ಮನೆ ಕೈತೊಳೆದುಕೊಂಡಿತು. ಬೈಬಲಿನ ಧರ್ಮೋಪದೇಶಕಾಂಡದ ಆರನೇ ಅಧ್ಯಾಯದಲ್ಲೂ ಮಕ್ಕಳಿಗೆ ಕಲಿಸುವ ಹೊತ್ತು ಅಂದರೆ ಮನೆಯಲ್ಲಿ ಕೂತಿರುವಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ. ಬೈಬಲಿನಲ್ಲೇ, ತನ್ನ ಶಿಷ್ಯ ತಿಮೊಥೆಯನ ವಿಶ್ವಾಸ ಮೊದಲು ಅಜ್ಜಿಯಲ್ಲಿ, ಆಮೇಲೆ ತಾಯಿಯಲ್ಲಿ ಇತ್ತು ಅಂತ ಪೌಲ ಬರೆಯುತ್ತಾನೆ. ನಾನು ವಾರವಾರ ಮನೆಗೆ ಕಳಿಸುತ್ತಿದ್ದ ಬಣ್ಣದ ಹಾಳೆಗಳು ಗೇಟಿನ ಹೊರಗೇ ಬಿದ್ದಿರುತ್ತಿದ್ದವು. ಈಗ ಹಾಳೆ ಇಲ್ಲ, ಒಂದೇ ಒಂದು ಪ್ರಶ್ನೆ ಕಳಿಸುತ್ತೇನೆ. ಅದೂ ಮಗು ಹೆತ್ತವರನ್ನು ಕೇಳಬೇಕಾದ ಪ್ರಶ್ನೆ. "ನೀವು ಯಾವಾಗ ಪ್ರಾರ್ಥನೆ ಮಾಡುವುದನ್ನು ಬಿಟ್ಟಿದ್ದಿರಿ?" ಅಂತ ಕಳಿಸಿದ ವಾರ ಒಬ್ಬ ತಂದೆ ಫೋನು ಮಾಡಿ ಬೈದರು. ಬೈದು ಮುಗಿಸಿ ಇಪ್ಪತ್ತು ನಿಮಿಷ ಮಾತಾಡಿದರು. ಉಳಿದ ಮನೆಗಳಲ್ಲಿ ಏನಾಗುತ್ತದೆ ನನಗೆ ಗೊತ್ತಾಗುವುದಿಲ್ಲ.

ಪ್ರಮಾಣಪತ್ರ ಬೇಕೋ ಬೇಡವೋ ಅನ್ನುವ ಚರ್ಚೆ ಸಮಿತಿಯಲ್ಲಿ ಇನ್ನೂ ನಡೆಯುತ್ತಿದೆ. ಫೋಟೋ ಬೇಡ ಅಂದರೆ ಹೆತ್ತವರು ಒಪ್ಪುವುದಿಲ್ಲ. ಆದರೆ ದೃಢೀಕರಣಕ್ಕೆ ಬರುವವರು ಈಗ ಒಂದು ವರ್ಷ ಮೊದಲೇ ಸಭೆಯಲ್ಲಿ ಒಂದು ಕೆಲಸ ಆರಿಸಿಕೊಂಡಿರಬೇಕು, ಆ ಕೆಲಸ ದೃಢೀಕರಣದ ಮಾರನೇ ಭಾನುವಾರವೂ ಅವರದ್ದೇ. ಕಳೆದ ಬ್ಯಾಚಿನ 9 ಜನರಲ್ಲಿ 6 ಜನ ಈಗಲೂ ಕಾಣುತ್ತಾರೆ. ಒಂದೇ ಬ್ಯಾಚು, ಇದರ ಮೇಲೆ ನಾನು ಏನನ್ನೂ ಕಟ್ಟುವುದಿಲ್ಲ.

ದಾರಿಯಲ್ಲಿ ಸಿಕ್ಕಿದ್ದ ಆ ಹುಡುಗನ ತಂಗಿ ಈಗ ನಮ್ಮಲ್ಲಿದ್ದಾಳೆ. ವೇದಪಾಠ ಓದುವ ಸರದಿ ಅವಳದ್ದಿದ್ದ ಭಾನುವಾರ ಅವನೂ ಬಂದಿದ್ದ. ಹಿಂದಿನ ಬಾಗಿಲ ಹತ್ತಿರ ನಿಂತಿದ್ದ, ಜಾಗ ಇದ್ದರೂ ಕೂರಲಿಲ್ಲ. ತಂಗಿ ಓದಿ ಮುಗಿಸಿ ಇಳಿದಾಗ ಹೆಬ್ಬೆರಳು ಎತ್ತಿ ತೋರಿಸಿದ. ಪ್ರಸಂಗ ಶುರುವಾಗುವ ಹೊತ್ತಿಗೆ ಹೋಗಿಬಿಟ್ಟಿದ್ದ.