ರಿಪೋರ್ಟಿನಲ್ಲಿರುವ ಆ ಎರಡು ಅಂಕಿ

ಮಡಿಕೇರಿಯ ಲ್ಯಾಬಿನಲ್ಲಿ ರಿಪೋರ್ಟ್ ಕೊಡುವಾಗ ಜಾಸ್ತಿ ಜನ ಕೇಳುವುದು ಒಂದೇ: "ಅಕ್ಕಾ, ನಾರ್ಮಲ್ ಇದೆಯಾ?" ರಕ್ತದಲ್ಲಿರುವ ಆಲ್ಬುಮಿನ್ ಅನ್ನೋ ಪ್ರೋಟೀನಿಗೆ ಸಾಮಾನ್ಯವಾಗಿ ಡೆಸಿಲೀಟರಿಗೆ 3.5ರಿಂದ 5 ಗ್ರಾಂ ಅಂತ ಬರೆದಿರುತ್ತದೆ. ಈ ಗಡಿ ಸುಮ್ನೆ ಹಾಕಿದ್ದಲ್ಲ.

ಕನಿಷ್ಠ 120 ಆರೋಗ್ಯವಂತರ ರಕ್ತ ಪರೀಕ್ಷಿಸಿ, ಅಂಕಿಗಳನ್ನು ಸಾಲಾಗಿ ಜೋಡಿಸಬೇಕು. ಎರಡೂ ತುದಿಯಲ್ಲಿ ತಲಾ ಶೇ. 2.5 ಬಿಟ್ಟರೆ ಉಳಿಯುವುದೇ ಗಡಿ. ಅಂದರೆ ಚೆನ್ನಾಗಿರುವ 20 ಜನರಲ್ಲಿ ಒಬ್ಬರು ಹೊರಗೇ ಉಳಿಯುತ್ತಾರೆ. ಇದನ್ನು ಹೇಳಿದರೆ ಎಷ್ಟೋ ಜನರ ಗಾಬರಿ ಇಳಿಯುತ್ತದೆ.

ಗರ್ಭಿಣಿಯರನ್ನು ಈ ಲೆಕ್ಕಕ್ಕೆ ಸೇರಿಸುವಂತಿಲ್ಲ, ಅವರಲ್ಲಿ ಆಲ್ಬುಮಿನ್ ಸಹಜವಾಗಿಯೇ ಇಳಿಯುತ್ತದೆ. ರಕ್ತ ತೆಗೆಯುವ ರೀತಿಯೂ ಎಲ್ಲರಿಗೂ ಒಂದೇ ಇರಬೇಕು. ಮಲಗಿದವರಿಗಿಂತ ನಿಂತವರಲ್ಲಿ ಅಂಕಿ ಜಾಸ್ತಿ. ನಿಂತಾಗ ರಕ್ತದ ನೀರು ನಾಳದಿಂದ ಹೊರಗೆ ಜಾರುತ್ತದೆ, ಪ್ರೋಟೀನ್ ಒಳಗೇ ಉಳಿಯುತ್ತದೆ. ತೋಳಿನ ಪಟ್ಟಿ ತುಂಬಾ ಹೊತ್ತು ಬಿಗಿದರೂ ಹಾಗೇ. ಅದಕ್ಕೇ ಕಾಫಿ ತೋಟದಿಂದ ಏರು ಹತ್ತಿ ಬಂದವರನ್ನು ನಾನು 15 ನಿಮಿಷ ಕೂರಿಸುತ್ತೇನೆ. ರಕ್ತನಾಳ ಸಿಕ್ಕ ಕೂಡಲೇ ಪಟ್ಟಿ ಸಡಿಲಿಸುತ್ತೇನೆ.

ನಮ್ಮ ಕೊಡಗಿನವರ ರಕ್ತದಲ್ಲೇ ಈ ಗಡಿಯನ್ನು ಪರೀಕ್ಷಿಸಬೇಕು ಅಂತ ನನ್ನ ಆಸೆ. ಇರುವ ಗಡಿ ಹೊಂದುತ್ತದಾ ನೋಡಲು 20 ಜನ ಸಾಕು, ಇಬ್ಬರಿಗಿಂತ ಜಾಸ್ತಿ ಹೊರಗೆ ಬೀಳಬಾರದು. ಕಾಫಿ ಕೊಯ್ಲು ಮುಗಿದ ಮೇಲೆ ಕೇಳಿದರೆ ಅಷ್ಟು ಜನ ಬಂದೇ ಬರುತ್ತಾರೆ, ಅಲ್ವಾ?