ಇನ್ನೊಂದು ಕೆನ್ನೆ ಯಾರದ್ದು ಅಂತ ಮೊದಲು ಹೇಳಿ

ಪ್ರಶ್ನೆ ಇದು: "ನೀವು ಕ್ರಿಶ್ಚಿಯನ್ನರಲ್ವಾ? ಒಂದು ಕೆನ್ನೆಗೆ ಹೊಡೆದರೆ ಇನ್ನೊಂದು ಕೆನ್ನೆ ತೋರಿಸಬೇಕಲ್ವಾ? ಮತ್ತೆ ಯಾಕೆ ಜಗಳ ಮಾಡ್ತೀರಿ?"

ಸ್ಟಾಫ್ ರೂಮಿನಲ್ಲಿ ಕೇಳಿದ್ದಾರೆ. ಮದುವೆ ಊಟದ ಪಂಕ್ತಿಯಲ್ಲಿ, ಪಾಯಸ ಬಡಿಸುವ ಹೊತ್ತಿಗೆ ಕೇಳಿದ್ದಾರೆ. ಬಸ್ಸಿನಲ್ಲಿ ಬಾಕಿ ಚಿಲ್ಲರೆ ಕೊಡಿ ಅಂದಾಗ ಕಂಡಕ್ಟರ್ ಕೂಡ ಕೇಳಿದ್ದಾನೆ (ಅವತ್ತು ಭಾನುವಾರ, ಕೈಯಲ್ಲಿ ಬೈಬಲ್ ಇತ್ತು, ಸಿಕ್ಕಿಬಿದ್ದೆ). ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆದಿಡುತ್ತಿದ್ದೇನೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸಿ ನಾನು ಪಾಯಸ ತಿನ್ನುತ್ತೇನೆ.

ಒಂದು ವಿಷಯ ಗಮನಿಸಿದ್ದೇನೆ. ನಾನು ಸುಮ್ನೆ ಹೊಡೆಸಿಕೊಂಡು ಬಂದ ದಿನ ಯಾರೂ ನನ್ನ ಧರ್ಮ ವಿಚಾರಿಸಿದ್ದಿಲ್ಲ. ಬಾಯಿ ತೆಗೆದ ದಿನ ಮಾತ್ರ ಎಲ್ಲರಿಗೂ ಯೇಸು ನೆನಪಾಗುತ್ತಾನೆ. ಕೇಳುವವರಲ್ಲಿ ಅರ್ಧ ಜನ ಆ ಮಾತು ಗಾಂಧೀಜಿ ಹೇಳಿದ್ದು ಅಂದುಕೊಂಡಿದ್ದಾರೆ. ಹೋಗಲಿ ಬಿಡಿ, ಗಾಂಧೀಜಿಗೂ ಆ ಮಾತು ಇಷ್ಟವಿತ್ತು. ಆದರೆ ಅವರು ಉಪ್ಪಿನ ತೆರಿಗೆಗೆ ಸುಮ್ಮನಿದ್ದರಾ?

ಈಗ ಮಾತಿಗೆ ಬರೋಣ. ಮತ್ತಾಯನ ಸುವಾರ್ತೆ 5:39ರಲ್ಲಿ ಇರುವುದು ಬರೀ "ಕೆನ್ನೆ" ಅಲ್ಲ, "ಬಲಗೆನ್ನೆ". ಎದುರಿಗೆ ಒಬ್ಬರನ್ನು ನಿಲ್ಲಿಸಿಕೊಂಡು ನೋಡಿ (ಹೊಡೀಬೇಡಿ, ಸುಮ್ನೆ ಕೈ ಎತ್ತಿ ನೋಡಿ). ಬಲಗೈಯಿಂದ ಅವರ ಬಲಗೆನ್ನೆಗೆ ಹೊಡೆಯಬೇಕಾದರೆ ಹಿಂಗೈಯಲ್ಲೇ ಹೊಡೆಯಬೇಕು. ಹಿಂಗೈ ಏಟು ನೋಯಿಸುವುದಕ್ಕಲ್ಲ, ಮರ್ಯಾದೆ ತೆಗೆಯುವುದಕ್ಕೆ. ಯೆಹೂದ್ಯರ ಮಿಷ್ನಾ ಅನ್ನುವ ಕಾನೂನು ಸಂಗ್ರಹದಲ್ಲಿ ಇದಕ್ಕೆ ದಂಡದ ಲೆಕ್ಕವೇ ಇದೆ. ಅಂಗೈಯಲ್ಲಿ ಕಪಾಳಕ್ಕೆ ಹೊಡೆದರೆ 200 ಜುಜ್ (ಆಗಿನ ಬೆಳ್ಳಿ ನಾಣ್ಯ), ಹಿಂಗೈಯಲ್ಲಿ ಹೊಡೆದರೆ 400. ನೋವು ಕಡಿಮೆ, ದಂಡ ಡಬಲ್. ಅಂದರೆ ಯೇಸು ಹೇಳುತ್ತಿರುವುದು ಅವಮಾನದ ವಿಷಯ ಅಂತ ಅನೇಕ ಪಂಡಿತರು ಓದುತ್ತಾರೆ, ನಾನೂ ಹಾಗೇ ಓದುತ್ತೇನೆ. ನಿನ್ನ ಮರ್ಯಾದೆಗೆ ಯಾರೋ ಕೈ ಹಾಕಿದರು ಅಂತ ನೀನೂ ಕೈ ಎತ್ತಬೇಡ, ಅದನ್ನು ತಲೆಮಾರಿನ ಹಗೆ ಮಾಡಿಕೊಳ್ಳಬೇಡ. ಆಯಿತು. ಇದು ಕಷ್ಟ, ಆದರೆ ಒಪ್ಪಿದೆ.

ಆದರೆ ಸುಮ್ನಿರು ಅಂತ ಎಲ್ಲಿ ಹೇಳಿದ?

ಯೇಸುವಿಗೇ ಕಪಾಳಕ್ಕೆ ಏಟು ಬಿತ್ತು. ಯೋಹಾನನ ಸುವಾರ್ತೆಯ 18ನೇ ಅಧ್ಯಾಯ. ಮಹಾಯಾಜಕನ ಮುಂದೆ ವಿಚಾರಣೆ ನಡೆಯುತ್ತಿದೆ, ಪಕ್ಕದಲ್ಲಿದ್ದ ಆಳೊಬ್ಬ ಬಾರಿಸುತ್ತಾನೆ. ಯೇಸು ಇನ್ನೊಂದು ಕೆನ್ನೆ ತಿರುಗಿಸಿದ ಅಂತ ಅಲ್ಲಿ ಬರೆದಿಲ್ಲ. ನಾನು ತಪ್ಪು ಮಾತಾಡಿದ್ದರೆ ಏನು ತಪ್ಪು ಅಂತ ತೋರಿಸು, ಸರಿಯಾಗಿ ಮಾತಾಡಿದ್ದರೆ ಯಾಕೆ ಹೊಡೆದೆ ಅಂತ ಕೇಳಿದ. ತಿರುಗಿ ಹೊಡೆಯಲಿಲ್ಲ, ಬಾಯಿ ಮುಚ್ಚಿಕೊಳ್ಳಲೂ ಇಲ್ಲ. ಯೇಸುವಿನ ಮಾತನ್ನು ಊರೂರಿಗೆ ಸಾರಿದ ಪೌಲ ಇನ್ನೂ ಒಂದು ಕೈ ಮೇಲೆ. ಫಿಲಿಪ್ಪಿ ಅನ್ನುವ ಊರಿನಲ್ಲಿ ಅವನನ್ನೂ ಅವನ ಜೊತೆಗಾರ ಸೀಲನನ್ನೂ ವಿಚಾರಣೆ ಇಲ್ಲದೆ ಜನರ ಮುಂದೆ ಹೊಡೆಸಿ ಜೈಲಿಗೆ ಹಾಕುತ್ತಾರೆ. ಬೆಳಗಾದ ಮೇಲೆ ಅಧಿಕಾರಿಗಳು ಗುಟ್ಟಾಗಿ ಬಿಟ್ಟುಬಿಡಿ ಅಂತ ಹೇಳಿ ಕಳಿಸುತ್ತಾರೆ. ನಾವಾದರೆ ಸ್ತೋತ್ರ ಹೇಳಿ ಓಡುತ್ತಿದ್ದೆವು. ಪೌಲ ಜಾಗ ಬಿಟ್ಟು ಅಲ್ಲಾಡಲಿಲ್ಲ. ರೋಮಿನ ಪ್ರಜೆಗಳನ್ನು ಬಹಿರಂಗವಾಗಿ ಹೊಡೆಸಿದವರು ಈಗ ಕದ್ದು ಹೊರಗೆ ಕಳಿಸುತ್ತಾರಾ, ಅವರೇ ಬಂದು ಕರೆದುಕೊಂಡು ಹೋಗಲಿ ಅಂದ. ರೋಮಿನ ಪ್ರಜೆಯನ್ನು ವಿಚಾರಣೆ ಇಲ್ಲದೆ ಹೊಡೆಯುವುದು ಕಾನೂನಿಗೆ ವಿರುದ್ಧ. ಬಂದರು. ಬೇಡಿಕೊಂಡರು.

ಇಷ್ಟು ಹೇಳಿದರೆ ಜನ "ನಿಮಗೆ ಮಾತು ಚೆನ್ನಾಗಿ ಬರುತ್ತೆ ಬಿಡಿ" ಅನ್ನುತ್ತಾರೆ. ಆದ್ದರಿಂದ ಉಳ್ಳಾಗಡ್ಡಿ ಕಥೆ ಹೇಳುತ್ತೇನೆ.

ನಮ್ಮ ಪಕ್ಕದ ಮನೆ ಕಾಕಾ ಒಂದು ವರ್ಷ ದೀಪಾವಳಿ ಹೊತ್ತಿಗೆ ಎಪಿಎಂಸಿಗೆ ನಲವತ್ತು ಚೀಲ ಉಳ್ಳಾಗಡ್ಡಿ ಹಾಕಿದ. ಪಟ್ಟಿ ಓದೋಕೆ ಬರಲ್ಲ, ಜೊತೆಗೆ ಬರ್ರಿ ಸರ ಅಂತ ಕರೆದ, ಹೋದೆ. ಮಾಲು ಚೆನ್ನಾಗಿತ್ತು. ಅವನ ಮನೆಯವರೆಲ್ಲ ಕೂತು ಒಂದೊಂದು ಗಡ್ಡೆಯ ಬಾಲ ಕೊಯ್ದು, ಮಣ್ಣು ಕೊಡವಿ, ಮೆತ್ತಗಾದದ್ದನ್ನು ಆರಿಸಿ ತುಂಬಿದ್ದರು. ಹಮಾಲರು ಕಾಟಾ ಮೇಲೆ ಚೀಲ ಇಟ್ಟರು. ಕೆಂಪು ಅಂಕಿಯಲ್ಲಿ 54.6 ಅಂತ ಬಂತು. ತೂಕದವನು ಅದರ ಮುಖ ನೋಡಿಯೇ "ಐವತ್ತೆರಡು" ಅಂತ ಕೂಗಿದ. ಮುಂದಿನ ಚೀಲಕ್ಕೂ ಹಾಗೇ.

ಎರಡೂವರೆ ಕಿಲೋ ಎಲ್ಲಿ ಹೋಯಿತು ಅಂತ ಕೇಳಿದೆ. "ಸೂಟು ರೀ ಸರ" ಅಂದ. ಚೀಲದ ತೂಕ, ಮಣ್ಣು, ಒಣಗೋದು, ಕೊಳೆಯೋದು, ಎಲ್ಲಾ ಸೇರಿ ಅಂತೆ. ಖಾಲಿ ಚೀಲ ಒಂದು ಹಾಕಿ ನೋಡೋಣ ಅಂದೆ. ಹಾಕಿದರು, ಮನಸ್ಸಿಲ್ಲದೆ. ಒಂದು ಕಿಲೋ ಕೂಡ ಬರಲಿಲ್ಲ. ಚೀಲಕ್ಕೆ ಎರಡೂವರೆ ಕಿಲೋ ಅಂದರೆ ನಲವತ್ತು ಚೀಲಕ್ಕೆ ಒಂದು ಕ್ವಿಂಟಲ್. ಅದರ ಮೇಲೆ ರೈತನಿಂದಲೇ ಕಮಿಷನ್ ಬೇರೆ. ಕಮಿಷನ್ನನ್ನು ಖರೀದಿದಾರರಿಂದ ತಗೋಬೇಕು, ರೈತರಿಂದ ತಗೊಳ್ಳುವ ಹಾಗಿಲ್ಲ ಅಂತ ನಮ್ಮ ರಾಜ್ಯದ ಕಾಯ್ದೆಯೇ ಹೇಳುತ್ತದೆ. ಅದಕ್ಕೇ ಲೆಕ್ಕವನ್ನು ಅಧಿಕೃತ ಪಟ್ಟಿ ಬಿಟ್ಟು ಬರೀ ಬಿಳಿ ಚೀಟಿಯಲ್ಲಿ ಬರೆದು ಕೊಡುವುದು.

ನಾನು ಧ್ವನಿ ಎತ್ತಿದೆ. ದಲಾಲಿ ಅಂಗಡಿಯವರು ಒಳಗಿನಿಂದ ಬಂದರು. ಪರಿಚಯದವರೇ. ನಗುತ್ತಾ ಶುರು ಮಾಡಿದರು: "ಅಲ್ರೀ ಸರ, ನೀವು ಕ್ರಿಶ್ಚನ್ ಮಂದಿ. ಒಂದು ಕಪಾಳಕ್ಕ ಹೊಡದ್ರ ಇನ್ನೊಂದು ಕಪಾಳ ತೋರಸ್ರಿ ಅಂತ ನಿಮ್ಮ ಯೇಸುನ ಹೇಳ್ಯಾನಲ್ರೀ. ಎರಡು ಕಿಲೋಕ್ಕ ಯಾಕ ಇಷ್ಟು ಜಗ್ಯಾಡ್ತೀರಿ?"

ಸುತ್ತ ಇದ್ದವರೆಲ್ಲ ನಕ್ಕರು. ಕಾಕಾ ಕೂಡ ನೆಲ ನೋಡಿಕೊಂಡು "ಬಿಡ್ರಿ ಸರ" ಅಂದ.

ಆಗ ನನಗೆ ಉರಿದದ್ದು ಏನು ಗೊತ್ತಾ? ಏಟು ಬೀಳುತ್ತಿದ್ದದ್ದು ನನ್ನ ಕೆನ್ನೆಗೆ ಅಲ್ಲವೇ ಅಲ್ಲ! ಉಳ್ಳಾಗಡ್ಡಿ ನನ್ನದಲ್ಲ, ಬೆವರು ನನ್ನದಲ್ಲ, ಹೋಗುತ್ತಿದ್ದ ಕ್ವಿಂಟಲ್ಲೂ ನನ್ನದಲ್ಲ. ತಿರುಗಿಸುವುದಕ್ಕೆ ನನ್ನ ಹತ್ತಿರ ಇರುವುದು ನನ್ನ ಕೆನ್ನೆ ಒಂದೇ. ಕಾಕಾನ ಗದ್ದ ಹಿಡಿದು ಇನ್ನೊಂದು ಕಡೆ ತಿರುಗಿಸಿ "ಇಲ್ಲೂ ಹೊಡೀರಿ" ಅನ್ನೋಕೆ ನಾನು ಯಾರು? ಯೇಸು ಹೇಳಿದ್ದು ಹೊಡೆಸಿಕೊಂಡವನಿಗೆ. ಹೊಡೆದವನು ಆ ವಾಕ್ಯವನ್ನು ಎತ್ತಿ, ಪಕ್ಕದಲ್ಲಿ ನಿಂತು ನೋಡುತ್ತಿರುವವನಿಗೆ ಪಾಠ ಹೇಳುವ ಹಾಗೆ ಅದನ್ನು ಯಾರೂ ಬರೆದಿಲ್ಲ.

ಇನ್ನು ಕಾಕಾ ಅಂದ "ಬಿಡ್ರಿ ಸರ". ಅದನ್ನು ಕ್ಷಮೆ ಅಂದುಕೊಳ್ಳುವಷ್ಟು ಭೋಳೆ ನಾನಲ್ಲ. ಬೀಜಕ್ಕೆ, ಗೊಬ್ಬರಕ್ಕೆ ಅದೇ ಅಂಗಡಿಯಲ್ಲಿ ಅವನು ಕೈಸಾಲ ಮಾಡಿದ್ದ. ಮಾಲನ್ನು ಬೇರೆ ಅಂಗಡಿಗೆ ಹಾಕುವ ಹಾಗಿರಲಿಲ್ಲ. ಬಿಡದೆ ಇರುವ ದಾರಿಯೇ ಇಲ್ಲದವನು ಬಿಡುತ್ತೇನೆ ಅಂದರೆ ಅದಕ್ಕೆ ಬೇರೆ ಹೆಸರಿದೆ.

ಕೊನೆಗೆ ಸೂಟು ಚೀಲಕ್ಕೆ ಒಂದು ಕಿಲೋಗೆ ಇಳಿಯಿತು. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ನ್ಯಾಯ ಸಿಕ್ಕಿತು ಅನ್ನಿ. ವಾಪಸ್ ಬರುವಾಗ ಟಂಟಂನಲ್ಲಿ ಕಾಕಾ ಖುಷಿಯಾಗೇನೂ ಇರಲಿಲ್ಲ. "ಮುಂದಿನ ಸಲ ನಮ್ಮ ಮಾಲಿಗೆ ಸವಾಲು ಕಡಿಮಿ ಕೂಗಿದ್ರ ಏನ್ ಮಾಡೂದು?" ಅಂತ ಒಂದೇ ಚಿಂತೆ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಬೈಬಲಿನಲ್ಲಿ ಆಮೋಸ ಅಂತ ಒಬ್ಬ ಪ್ರವಾದಿ ಇದ್ದಾನೆ. ಕೆನ್ನೆ ವಾಕ್ಯ ಗೊತ್ತಿರುವವರಿಗೆ ಇವನು ಗೊತ್ತಿರುವುದಿಲ್ಲ. ತೆಕೋವ ಅನ್ನುವ ಊರಿನವನು, ಕುರಿ ಕಾಯುತ್ತಿದ್ದ, ಅತ್ತಿ ಮರಗಳ ಕೆಲಸ ಮಾಡುತ್ತಿದ್ದ. ಕ್ರಿಸ್ತನಿಗೆ ಏಳುನೂರು ವರ್ಷಕ್ಕೂ ಹಿಂದಿನ ಮಾತು. ಯಾರೊಬ್ಬಾಮ ರಾಜನ ಕಾಲ, ದೇಶದಲ್ಲಿ ದುಡ್ಡು ಓಡಾಡುತ್ತಿತ್ತು, ಹಬ್ಬಗಳು ಜೋರಾಗಿ ನಡೆಯುತ್ತಿದ್ದವು. ಇವನು ಹೋಗಿ ವ್ಯಾಪಾರಿಗಳಿಗೆ ಹೇಳಿದ್ದು ನೋಡಿ: ಸಬ್ಬತ್ (ವಾರದ ವಿಶ್ರಾಂತಿ ದಿನ) ಯಾವಾಗ ಮುಗಿಯುತ್ತೋ, ಧಾನ್ಯದ ಅಂಗಡಿ ಯಾವಾಗ ತೆಗೆಯೋಣವೋ ಅಂತ ಕಾಯುತ್ತೀರಿ, ಕೊಡುವ ಅಳತೆ ಸಣ್ಣದು, ತಗೊಳ್ಳುವ ತೂಕದ ಕಲ್ಲು ದೊಡ್ಡದು, ತಕ್ಕಡಿ ಕಳ್ಳತಕ್ಕಡಿ, ಗೋದಿಯ ಜೊತೆ ಹೊಟ್ಟನ್ನೂ ಮಾರುತ್ತೀರಿ. ಆ ಎಂಟನೇ ಅಧ್ಯಾಯ ಓದಿದಾಗಲೆಲ್ಲ ನನಗೆ ಕೆಂಪು ಅಂಕಿಯ ಕಾಟಾ ಕಣ್ಣಿಗೆ ಬರುತ್ತದೆ. ಬೇತೇಲಿನ ಯಾಜಕ ಅಮಚ್ಯ ಅವನಿಗೆ ಏನಂದ? ನಿನ್ನ ಊರಿಗೆ ಹೋಗು, ಅಲ್ಲೇ ರೊಟ್ಟಿ ಸಂಪಾದಿಸಿಕೋ, ಇಲ್ಲಿ ಬಾಯಿ ತೆಗೀಬೇಡ.

ಅದೇ ಆಮೋಸ 5:15ರಲ್ಲಿ ಹೇಳುತ್ತಾನೆ: ಕೆಟ್ಟದ್ದನ್ನು ಹಗೆಮಾಡಿ, ಒಳ್ಳೆಯದನ್ನು ಪ್ರೀತಿಸಿ, ಊರಬಾಗಿಲಲ್ಲಿ ನ್ಯಾಯವನ್ನು ನಿಲ್ಲಿಸಿ. ಊರಬಾಗಿಲು ಅಂದರೆ ನಮ್ಮ ಕಡೆಯ ಅಗಸಿ ಇದ್ದ ಹಾಗೆ, ಹಿರಿಯರು ಕೂತು ಪಂಚಾಯ್ತಿ ಮಾಡುವ ಜಾಗ. ಕೆಟ್ಟದ್ದನ್ನು ಹಗೆಮಾಡಿ ಅಂದವನು ಮನೆಯ ಕೋಣೆ ಬಾಗಿಲು ಹಾಕಿಕೊಂಡು ಹಗೆಮಾಡಿ ಅನ್ನಲಿಲ್ಲ.

ಹೊರಗಿನವರನ್ನು ಬೈದದ್ದು ಸಾಕು, ನಮ್ಮವರ ಕಡೆಗೂ ಬರುತ್ತೇನೆ. ಈ ವಾಕ್ಯದ ದುರುಪಯೋಗ ಚರ್ಚಿನ ಒಳಗೆ ಇನ್ನೂ ಜಾಸ್ತಿ. ಸಭೆಯ ಲೆಕ್ಕ ಕೇಳಿದರೆ "ಕ್ಷಮಾಗುಣ ಇರಲಿ ಬ್ರದರ್" ಅನ್ನುತ್ತಾರೆ. ಕ್ಷಮೆಗೂ ರಸೀದಿ ಪುಸ್ತಕಕ್ಕೂ ಏನು ಸಂಬಂಧ? ಇದಕ್ಕಾದರೂ ನಗಬಹುದು. ಕುಡಿದು ಬಂದು ಹೊಡೆಯುವ ಗಂಡನ ಬಗ್ಗೆ ಒಬ್ಬಳು ಹೆಣ್ಣುಮಗಳು ಅಳುತ್ತಾ ಬಂದು ಹೇಳಿಕೊಂಡಾಗ ಹಿರಿಯರೊಬ್ಬರು ಈ ವಾಕ್ಯ ಓದಿದ್ದನ್ನು ನಾನು ಕೇಳಿದ್ದೇನೆ. ಅವಳ ಕೆನ್ನೆ ಆಗಲೇ ಊದಿತ್ತು. ಅಂಥವರಿಗೆ ಹೇಳುವುದು ಒಂದೇ: ಮೊದಲು ಅವಳನ್ನು ಸುರಕ್ಷಿತ ಜಾಗಕ್ಕೆ ಕಳಿಸಿ, ಪೊಲೀಸ್ ದೂರು ಕೊಡಿಸಿ. ಕ್ಷಮಿಸುವುದು ಬಿಡುವುದು ಅವಳ ಮತ್ತು ದೇವರ ನಡುವಿನ ವಿಷಯ, ನಿಮ್ಮ ಪ್ರಸಂಗದ ವಿಷಯ ಅಲ್ಲ.

ನಿಜ ಹೇಳಬೇಕೆಂದರೆ ಈ ಕೆನ್ನೆ ಪ್ರಶ್ನೆಗಿಂತ ನನಗೆ ಬೇರೆ ಒಂದು ಪ್ರಶ್ನೆ ಯಾರಾದರೂ ಕೇಳಲಿ ಅಂತ ಆಸೆ. "ಕೆಟ್ಟದ್ದನ್ನು ಹಗೆಮಾಡ್ತೀರಿ ಸರಿ, ಒಳ್ಳೇದು ನಿಮಗೆ ಇಷ್ಟವಾ?" ಅಂತ.

ಯಾಕೆಂದರೆ ಹಗೆಮಾಡುವುದಕ್ಕೆ ಏನು ಕಷ್ಟ ಇದೆ? ಬೆಳಿಗ್ಗೆ ಫೋನ್ ತೆಗೆದರೆ ಸಾಕು, ವಾಟ್ಸಾಪ್ ಗ್ರೂಪಿನಲ್ಲಿ ಅವತ್ತು ಯಾರನ್ನು ಹಗೆಮಾಡಬೇಕು ಅಂತ ಪಟ್ಟಿ ರೆಡಿ ಇರುತ್ತದೆ. ಅನ್ಯಾಯದ ವಿರುದ್ಧ ಹೋರಾಡಿ ಹೋರಾಡಿ ಮೂತಿಯೇ ಹುಳ್ಳಗಾದವರು ನನಗೆ ಗೊತ್ತು. ಅವರು ಹೇಳುವುದೆಲ್ಲ ಸರಿ, ಆದರೆ ಅವರ ಜೊತೆ ಅರ್ಧ ಗಂಟೆ ಕೂರೋಕಾಗಲ್ಲ. ಒಳ್ಳೇದನ್ನು ಮಾಡುವುದು ಒಂದು, ಅದರ ರುಚಿ ಹತ್ತಿರುವುದು ಇನ್ನೊಂದು.

ರುಚಿ ಹತ್ತಿದವರು ಹೇಗಿರುತ್ತಾರೆ ಅಂತ ನೋಡಬೇಕಾದರೆ ನಮ್ಮೂರ ಸಂತೆಗೆ ಬನ್ನಿ. ಚುರುಮುರಿ ಮಾರುವ ಅಜ್ಜಿ ಒಬ್ಬಳಿದ್ದಾಳೆ. ಈಗಲೂ ಸೇರಿನಲ್ಲೇ ಅಳೆಯುತ್ತಾಳೆ. ಚುರುಮುರಿಯನ್ನು ಸಡಿಲವಾಗಿ ತುಂಬಿ ಮೇಲೆ ಕೈ ಸವರಿದರೆ ವ್ಯಾಪಾರಿಗೆ ಲಾಭ, ಅದು ಎಲ್ಲರಿಗೂ ಗೊತ್ತಿರುವ ಕಲೆ. ಇವಳು ಸೇರು ತುಂಬಿ, ಒಮ್ಮೆ ನೆಲಕ್ಕೆ ಕುಟ್ಟುತ್ತಾಳೆ. ಚುರುಮುರಿ ಎರಡು ಬೆರಳು ಕೆಳಗಿಳಿಯುತ್ತದೆ. ಮತ್ತೆ ತುಂಬುತ್ತಾಳೆ, ಅಂಗೈಯಿಂದ ಒತ್ತುತ್ತಾಳೆ, ಮೇಲೆ ಗೋಪುರ ಮಾಡುತ್ತಾಳೆ. ಅದು ಸುತ್ತ ಉದುರುತ್ತಿರುವಾಗಲೇ ಚೀಲಕ್ಕೆ ಸುರಿದು, ಇನ್ನೊಂದು ಹಿಡಿ ಹಾಕಿ, ನಮ್ಮ ಮುಖ ನೋಡುತ್ತಾಳೆ. ಖುಷಿಯಾಯಿತೋ ಇಲ್ಲವೋ ಅಂತ. ಲೂಕನ ಸುವಾರ್ತೆಯ 6ನೇ ಅಧ್ಯಾಯದಲ್ಲಿ ಕೆನ್ನೆ ಮಾತು ಬರುವುದು 29ನೇ ವಚನದಲ್ಲಿ. ಅಲ್ಲಿಗೇ ಪುಸ್ತಕ ಮುಚ್ಚದೆ 38ರ ತನಕ ಓದಿದರೆ ಜಡಿದು, ಅಲ್ಲಾಡಿಸಿ, ಹೊರಚೆಲ್ಲುವ ಅಳತೆಯ ಮಾತು ಸಿಗುತ್ತದೆ. ಅಜ್ಜಿ ಅದನ್ನು ಓದಿಲ್ಲ, ಚರ್ಚಿಗೆ ಕಾಲಿಟ್ಟವಳೂ ಅಲ್ಲ, ಅವಳ ಹಣೆ ತುಂಬ ವಿಭೂತಿ. ಚರ್ಚಿನಲ್ಲಿ ತಮ್ಮ ಭಕ್ತಿಯ ಅನುಭವ ಹೇಳುವುದಕ್ಕೆ ನಾವು "ಸಾಕ್ಷಿ" ಅನ್ನುತ್ತೇವೆ; ಅವಳಿಗೆ ಯಾರೂ ಸಾಕ್ಷಿ ಹೇಳೋಕೆ ವೇದಿಕೆ ಕೊಟ್ಟಿಲ್ಲ. ನಮ್ಮ ಸಂಡೇ ಸ್ಕೂಲ್ ಮಕ್ಕಳನ್ನು ಒಂದು ಸಲ ಅವಳ ಹತ್ತಿರ ಕರೆದುಕೊಂಡು ಹೋಗಿದ್ದೆ. ಚುರುಮುರಿ ಖಾಲಿಯಾಯಿತು, ಪಾಠ ಎಷ್ಟು ಹತ್ತಿತೋ ಗೊತ್ತಿಲ್ಲ.

ಹಾಗಾದರೆ ದಲಾಲಿ ಅಂಗಡಿಯವರನ್ನು ನೀವು ಹಗೆಮಾಡುತ್ತೀರಾ ಅಂತ ಕೇಳಬಹುದು. ಇಲ್ಲ ಸ್ವಾಮಿ. ಪೌಲ ರೋಮಾಪುರದವರಿಗೆ ಬರೆದ ಪತ್ರದ 12ನೇ ಅಧ್ಯಾಯದಲ್ಲಿ ಕೆಟ್ಟತನಕ್ಕೆ ಹೇಸಿಕೊಳ್ಳಿ ಅಂತ 9ನೇ ವಚನದಲ್ಲಿ ಹೇಳಿದವನೇ 20ನೇ ವಚನದಲ್ಲಿ ವೈರಿಗೆ ಹಸಿವಾದರೆ ಊಟಕ್ಕೆ ಹಾಕಿ ಅನ್ನುತ್ತಾನೆ. ನಡುವೆ ಒಂದು ಮಾತು ಸೇರಿಸಿದ್ದಾನೆ, ಸಾಧ್ಯವಾದರೆ, ನಿಮ್ಮಿಂದಾಗುವಷ್ಟು, ಎಲ್ಲರ ಜೊತೆ ಸಮಾಧಾನದಿಂದಿರಿ ಅಂತ. ಆ "ಸಾಧ್ಯವಾದರೆ" ನನಗೆ ಬಹಳ ಇಷ್ಟ. ಪೌಲನೂ ಮಾರ್ಕೆಟ್ ನೋಡಿದವನೇ ಇರಬೇಕು.

ಆ ಅಂಗಡಿಯವರ ತಂದೆ ತೀರಿಕೊಂಡಾಗ ಮಣ್ಣಿಗೆ ಹೋಗಿದ್ದೆ. ಕೊನೆತನಕ ನಿಂತಿದ್ದು ಬಂದೆ. ಮುಂದಿನ ವಾರ ಕಾಕಾನ ಶೇಂಗಾ ಬಂತು, ಕಾಟಾ ಮುಂದೆ ಮತ್ತೆ ನಾನು, ಮತ್ತೆ ಅದೇ ಸೂಟಿನ ಜಗಳ. ಅವರು ತಲೆ ಬೋಳಿಸಿಕೊಂಡು ಕುರ್ಚಿಯಲ್ಲಿ ಕೂತಿದ್ದರು. "ಮೊನ್ನೆ ಮಣ್ಣಿಗೆ ಬಂದ್ರಿ, ಇವತ್ತು ಜಗಳಕ್ಕ ಬಂದೀರಿ, ನಿಮ್ಮದು ಏನ್ ಲೆಕ್ಕರೀ ಸರ?" ಅಂದರು. ಚಹಾ ತರಿಸಿದರು. ಕುಡಿದೆ. ಖಾಲಿ ಚೀಲ ಕಾಟಾ ಮೇಲೆ ಹಾಕಿಸಿ ಅಂದೆ.