ಕಲ್ಲು ನೋಡೋಕೆ ಅಷ್ಟು ದೂರ ಯಾಕೆ ಹೋಗ್ತೀರಿ?

ಕಲಬುರಗಿಯಲ್ಲಿ ನಮ್ಮದು ಶಹಾಬಾದ್ ಪರ್ಸಿ ಕಲ್ಲಿನ ವ್ಯಾಪಾರ. ನಾಲ್ಕು ದಿನ ಬಿಡುವು ಸಿಕ್ಕರೆ, ನಾಲ್ಕು ಕಾಸು ಕೂಡಿದ್ದರೆ, ನಾನು ಹಳೆಯ ಕಟ್ಟಡ ನೋಡಲು ಹೊರಡುತ್ತೇನೆ. ಇದು ಗೊತ್ತಿರುವವರೆಲ್ಲ ಕೇಳುವ ಪ್ರಶ್ನೆ ಒಂದೇ: “ಕಾಕಾ, ದಿನಾ ಕಲ್ಲಿನ ನಡುವೇ ಇರ್ತೀರಿ. ಮತ್ತ ಅಷ್ಟು ರೊಕ್ಕಾ ಖರ್ಚು ಮಾಡಿ ಅಲ್ಲಿ ಹೋಗಿ ಕಲ್ಲೇ ನೋಡ್ತೀರೇನ್ರಿ?” ಮದುವೆ ಊಟದ ಸಾಲಿನಲ್ಲಿ ಕೂತು ಹೇಳಿ ಮುಗಿಸುವ ಉತ್ತರ ಅಲ್ಲ ಇದು. ಅದಕ್ಕೇ ಬರೆಯುತ್ತಿದ್ದೇನೆ.

ಹೌದು, ಕಲ್ಲೇ ನೋಡುತ್ತೇನೆ. ಯಾವ ರಾಜ, ಎಷ್ಟು ರಾಣಿಯರು, ಎಷ್ಟು ಯುದ್ಧ ಅನ್ನುವುದೆಲ್ಲ ಮನೆಯಲ್ಲೇ ಮೊಬೈಲಿನಲ್ಲಿ ಸಿಗುತ್ತದೆ. ನನಗೆ ಬೇಕಾದದ್ದು ಎರಡೇ. ಈ ಕಲ್ಲು ಎಲ್ಲಿಂದ ಬಂತು? ಬಂದ ಮೇಲೆ ಜನ ಅದನ್ನು ಏನು ಮಾಡಿದರು?

ಗೀಜಾದ ದೊಡ್ಡ ಪಿರಮಿಡ್ಡನ್ನೇ ತೆಗೆದುಕೊಳ್ಳಿ. ಖುಫು ದೊರೆಯದು, ಸುಮಾರು 4,500 ವರ್ಷ ಹಳೆಯದು. ಕಟ್ಟಿದಾಗ 146 ಮೀಟರ್ ಎತ್ತರ ಇತ್ತು. ಒಳಗಿನ ಕಲ್ಲಿನಲ್ಲಿ ಬಹುಪಾಲು ಅಲ್ಲೇ ಪಕ್ಕದ ಖಣಿಯದು. ಅದೂ ನಮ್ಮ ಶಹಾಬಾದಿನಂತೆ ಸುಣ್ಣಕಲ್ಲೇ, ಆದರೆ ನಮ್ಮದರ ಹಾಗೆ ತೆಳ್ಳಗೆ ಪದರು ಪದರಾಗಿ ಏಳುವ ಜಾತಿಯಲ್ಲ. ಹತ್ತಿರ ಹೋಗಿ ನೋಡಿದರೆ ಅದರ ಮೈಯಲ್ಲಿ ಸಣ್ಣ ಸಣ್ಣ ದುಂಡು ಬಿಲ್ಲೆಗಳು ಕಾಣುತ್ತವೆ. ಒಂದು ಕಾಲದಲ್ಲಿ ಸಮುದ್ರದಲ್ಲಿದ್ದ ಜೀವಿಗಳ ಚಿಪ್ಪು ಅವು. ಸುಮಾರು 2,000 ವರ್ಷದ ಹಿಂದೆ ಅಲ್ಲಿಗೆ ಹೋಗಿದ್ದ ಸ್ಟ್ರೇಬೊ ಎಂಬ ಗ್ರೀಕ್ ಬರಹಗಾರ ಇವುಗಳ ಬಗ್ಗೆ ಬರೆದಿದ್ದಾನೆ. ಕೂಲಿಯವರು ಉಂಡು ಬಿಟ್ಟ ಬೇಳೆಯೇ ಹೀಗೆ ಕಲ್ಲಾಗಿದೆ ಎಂದು ಅಲ್ಲಿನ ಜನ ಅವನಿಗೆ ಹೇಳಿದರಂತೆ. ನಾನು ತೊಗರಿ ಸೀಮೆಯವನು. ಕೂಲಿ ಮಾಡುವವರು ತಟ್ಟೆಯಲ್ಲಿ ಅಷ್ಟು ಬೇಳೆ ಬಿಡುತ್ತಾರೆ ಅಂದರೆ ನಂಬೋದು ಕಷ್ಟ.

ಹೊರಗೆ ಹೊದಿಸಿದ ಬಿಳಿ ಕಲ್ಲಿನ ಕಥೆ ಬೇರೆ. ಅದು ನೈಲ್ ನದಿಯ ಆಚೆ ದಂಡೆಯ ತುರಾದಿಂದ ದೋಣಿಯಲ್ಲಿ ಬಂದದ್ದು. ಇದು ಊಹೆ ಅಲ್ಲ. 2013ರಲ್ಲಿ ಕೆಂಪು ಸಮುದ್ರದ ದಂಡೆಯ ವಾದಿ ಅಲ್ ಜರ್ಫ್ ಎಂಬಲ್ಲಿ ಖುಫು ಕಾಲದ ಪಪೈರಸ್ ಹಾಳೆಗಳು ಸಿಕ್ಕವು. ಅದರಲ್ಲಿ ಮೇರರ್ ಎಂಬ ಮೇಸ್ತ್ರಿಯ ದಿನದ ಲೆಕ್ಕ ಇದೆ. ಎಂದು ತುರಾದಲ್ಲಿ ಕಲ್ಲು ತುಂಬಿದರು, ರಾತ್ರಿ ಎಲ್ಲಿ ತಂಗಿದರು, ಎಂದು ಗೀಜಾ ಮುಟ್ಟಿದರು, ಎಲ್ಲ ಬರೆದಿಟ್ಟಿದ್ದಾನೆ. ಹತ್ತು ದಿನಕ್ಕೆ ಎರಡು ಮೂರು ಟ್ರಿಪ್. ಥೇಟ್ ನಮ್ಮ ಲಾರಿ ರಿಜಿಸ್ಟರ್! ಖುಫುವಿಗಿಂತ ಈ ಮೇರರ್ ನನಗೆ ಜಾಸ್ತಿ ಹತ್ತಿರದವನು ಅನ್ನಿಸುತ್ತಾನೆ.

ಇಷ್ಟು ಕಷ್ಟಪಟ್ಟು ತಂದ ಆ ಬಿಳಿ ಕಲ್ಲು ಇವತ್ತು ಹೆಚ್ಚೂಕಡಿಮೆ ಇಲ್ಲವೇ ಇಲ್ಲ. ಮುಂದೆ ಕೈರೋ ಕಟ್ಟಿದವರು ಬಿಚ್ಚಿಕೊಂಡು ಹೋದರು. ಪಕ್ಕದ ಖಫ್ರೆ ಪಿರಮಿಡ್ಡಿನ ತುದಿಯಲ್ಲಿ ಒಂದಿಷ್ಟು ಉಳಿದಿದೆ, ತಲೆ ಎತ್ತಿ ನೋಡಿ.

ಒಳಗೆ ಹೋಗಲು ಬೇರೆ ಟಿಕೆಟ್. ಸೊಂಟ ಬಗ್ಗಿಸಿ ಏರಬೇಕು, ಸೆಕೆ ಬೇರೆ. ಮೊಣಕಾಲು ನೋವಿದ್ದವರು ಸುಮ್ನೆ ಹೊರಗೇ ಇರುವುದು ವಾಸಿ. ಆದರೆ ಹೋದವರು ರಾಜನ ಕೋಣೆಯ ಗ್ರಾನೈಟ್ ಸಂದುಗಳನ್ನು ನೋಡದೆ ಬರಬೇಡಿ. ಸುಮಾರು 800 ಕಿಲೋಮೀಟರ್ ದೂರದ ಅಸ್ವಾನ್‌ನಿಂದ ತಂದ ಕಲ್ಲು ಅದು. ಕಬ್ಬಿಣದ ಉಳಿ ಇಲ್ಲದ ಕಾಲದಲ್ಲಿ ಹಾಗೆ ಕೂಡಿಸಿದ್ದಾರೆ. ಇವತ್ತು ಮಷಿನ್ ಕಟಿಂಗ್ ಮಾಡಿಸಿಯೂ ಸಂದಿಗೆ ಸಿಮೆಂಟ್ ತುಂಬುವವರು ನಾವು.

ತಾಜ್ ಮಹಲಿನದು ಮಕ್ರಾನಾದ ಅಮೃತಶಿಲೆ. ಎಲ್ಲರಿಗೂ ಗೊತ್ತಿರೋದೇ, ಬಿಡಿ.

ಇನ್ನೊಂದು ಚಟ ಇದೆ ನನಗೆ. ಕಲ್ಲಿನಲ್ಲಿ ತೂತು ಹುಡುಕುವುದು. ಕಾಂಬೋಡಿಯಾದ ಆಂಗ್‌ಕೋರ್ ವಾಟ್ 12ನೇ ಶತಮಾನದ ದೇಗುಲ. ಎಲ್ಲರೂ ಸೂರ್ಯೋದಯದ ಫೋಟೋಗೆ ಕೆರೆಯ ದಂಡೆಯಲ್ಲಿ ನೂಕಾಡುತ್ತಿರುತ್ತಾರೆ. ಆ ಹೊತ್ತಿಗೆ ನೀವು ಗೋಡೆ ಹತ್ತಿರ ಹೋಗಿ. ಮರಳುಗಲ್ಲಿನ ಮೇಲೆ ಬೆರಳು ಹಿಡಿಸುವಷ್ಟು ಸಣ್ಣ ದುಂಡು ಗುಳಿಗಳಿವೆ. ಅವುಗಳಲ್ಲಿ ಗೂಟ ಹೊಡೆದು, ಹಗ್ಗ ಕಟ್ಟಿ ಕಲ್ಲು ಎತ್ತಿದರು ಎನ್ನುತ್ತಾರೆ ತಿಳಿದವರು. ಆ ಮರಳುಗಲ್ಲಿನ ಹಿಂದೆ ತುಂಬಿರುವುದು ಜಂಬಿಟ್ಟಿಗೆ. ಬೀದರ್ ಕೋಟೆಯ ಕಂದಕ ಕೊರೆದಿರುವುದೂ ಅದೇ ಜಾತಿಯ ಕೆಂಪು ಕಲ್ಲಿನಲ್ಲಿ.

ರೋಮಿನ ಕೊಲೋಸಿಯಮ್ ಮೈತುಂಬಾ ತೂತು. ಅಲ್ಲಿ ಕಾರಣ ಬೇರೆ. ಕ್ರಿ.ಶ. 80ರಲ್ಲಿ ಉದ್ಘಾಟನೆಯಾದ ಆ ಕಟ್ಟಡದಲ್ಲಿ ಕಲ್ಲಿಗೆ ಕಲ್ಲು ಬಿಗಿಯಲು ಕಬ್ಬಿಣದ ಕೊಂಡಿ ಹಾಕಿದ್ದರು. ಆಮೇಲಿನ ಜನ ಕಲ್ಲು ಕೊರೆದು ಕಬ್ಬಿಣ ಕಿತ್ತುಕೊಂಡರು. ಕೊಂಡಿ ಹೋದರೂ ಕಟ್ಟಡ ನಿಂತೇ ಇದೆ. ಹೊರಗಿನ ಅಲಂಕಾರಕ್ಕಿಂತ ನನಗೆ ಇದೇ ದೊಡ್ಡದಾಗಿ ಕಂಡಿತು.

ಇಷ್ಟು ಹೇಳುವಷ್ಟರಲ್ಲಿ ಯಾರಾದರೂ “ಹಂಗಾದ್ರ ನಾ ಎಲ್ಲಿಂದ ಶುರು ಮಾಡ್ಲಿ?” ಅಂತಾರೆ. ಸನ್ನತಿಯಿಂದ ಮಾಡಿ ಎನ್ನುತ್ತೇನೆ. ತಮಾಷೆಗಲ್ಲ. ಚಿತ್ತಾಪುರ ತಾಲ್ಲೂಕು, ಭೀಮಾ ದಂಡೆ. 1986ರಲ್ಲಿ ಅಲ್ಲಿ ಕಾಳಿಯ ಗುಡಿಯ ಚಾವಣಿ ಕುಸಿಯಿತು. ದೇವಿಯ ಮೂರ್ತಿಗೆ ಪೀಠವಾಗಿದ್ದ ಚಪ್ಪಡಿ ನೋಡಿದರೆ ಅಶೋಕನ ಶಾಸನ! ಮೂರ್ತಿ ಕೂರಿಸಲು ಅಕ್ಷರಗಳ ನಡುವೆಯೇ ತೂತು ಕೊರೆದಿದ್ದರು. ಬೈಯಲು ಮನಸ್ಸು ಬರುವುದಿಲ್ಲ. ಒಳ್ಳೆಯ ಚಪ್ಪಡಿ ಎದುರಿಗಿದ್ದಾಗ ಗುಡಿ ಕಟ್ಟುವವನು ಬೇರೇನು ಮಾಡುತ್ತಾನೆ? ಹಾಗೆ ಬಳಸಿದ್ದರಿಂದಲೇ ಅದು ಉಳಿಯಿತು, ಅಲ್ವಾ?

ಪಕ್ಕದ ಕನಗನಹಳ್ಳಿಯ ಸ್ತೂಪ 1990ರ ದಶಕದಲ್ಲಿ ಮಣ್ಣಿನಿಂದ ಎದ್ದದ್ದು. ಅಲ್ಲಿನ ಒಂದು ಫಲಕದಲ್ಲಿ ರಾಜನಿದ್ದಾನೆ, ಪಕ್ಕದಲ್ಲಿ ರಾಣಿ, ಸೇವಕಿಯರು. ಬ್ರಾಹ್ಮಿ ಲಿಪಿಯಲ್ಲಿ ‘ರಾಯ ಅಸೋಕೊ’ ಎಂದು ಹೆಸರೂ ಇದೆ. ಕೆತ್ತಿದ್ದು ಅಶೋಕ ತೀರಿಹೋದ ಎಷ್ಟೋ ಕಾಲದ ಮೇಲೆ. ಕಲ್ಲು ಮಾತ್ರ ನಮ್ಮ ಭಾಗದ ಸುಣ್ಣಕಲ್ಲೇ.

ಇದಾದ ಮೇಲೆ ರೊಕ್ಕ ಕೂಡಿದರೆ ಈಜಿಪ್ಟಿಗೆ ಹೋಗಿ. ನವೆಂಬರ್‌ನಿಂದ ಫೆಬ್ರವರಿ ಒಳಗೆ ಹೋಗಿ. ಗೈಡ್ ಮಾಡಿಕೊಳ್ಳುವ ಮುಂಚೆ ಈ ಕಲ್ಲು ಎಲ್ಲಿಯದು ಎಂದು ಕೇಳಿ, ತಡವರಿಸಿದರೆ ಬೇರೆಯವರನ್ನು ನೋಡಿ. ಕಲಬುರಗಿ ಬಿಸಿಲು ಕಂಡವರಿಗೆ ಗೀಜಾ ಯಾವ ಲೆಕ್ಕ ಎಂದು ಮೇ ತಿಂಗಳಲ್ಲಿ ಮಾತ್ರ ಹೊರಡಬೇಡಿ. ಇಲ್ಲಾದರೆ ನಿಲ್ಲಲು ಒಂದು ಬೇವಿನ ಮರವಾದರೂ ಸಿಗುತ್ತದೆ.